ಬಲೆಗೆ ಬಿದ್ದದ್ದೆಲ್ಲ ಕಾಯಿಕೊರಕವಲ್ಲ



ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹತ್ತಿ ಹೊಲದ ಮೋಹಕ ಬಲೆಗೂ ಈ ಮಾತು ಸಲ್ಲುತ್ತದೆ. ಬಲೆಯ ಚೀಲದಲ್ಲಿ ಬೆಳಿಗ್ಗೆ ಕಂಡ ಸಣ್ಣ ಕಂದು ಪತಂಗಗಳನ್ನೆಲ್ಲ ಗುಲಾಬಿ ಕಾಯಿಕೊರಕವೆಂದೇ ಎಣಿಸಿ, ಅದೇ ದಿನ ಸಂಜೆ ಪಂಪು ಹೆಗಲಿಗೇರಿಸುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿದೆ. ಎಣಿಕೆ ಒಳ್ಳೆಯದೇ. ಆದರೆ ಎಣಿಸುತ್ತಿರುವುದು ಏನನ್ನು ಎಂದು ತಿಳಿಯದೆ ಎಣಿಸಿದರೆ ಆ ಲೆಕ್ಕದಿಂದ ಪ್ರಯೋಜನವಿಲ್ಲ, ನಷ್ಟವೇ ಹೆಚ್ಚು. ಈ ಸಲದ ಅಂಕಣದಲ್ಲಿ ಈ ವಿಷಯವಾಗಿ ನನ್ನ ಅಭಿಪ್ರಾಯವನ್ನು ನಿಮ್ಮ ಮುಂದಿಡುತ್ತೇನೆ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕೃಷಿಕರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. 2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ ತಿರುಪ್ಪೂರು ಜಿಲ್ಲೆ ಮಾಡಿದರು. ಜಿಲ್ಲೆ ಎರಡಾಯಿತು, ಆದರೆ ಹೊಲಗಳ ರೀತಿ ಒಂದೇ. ಒಂದು ಕಡೆ ಹತ್ತಿ, ಪಕ್ಕದಲ್ಲೇ ಮೆಕ್ಕೆಜೋಳ ಅಥವಾ ಜೋಳ, ಬಾವಿಯ ನೀರಿದ್ದಲ್ಲಿ ಟೊಮೆಟೊ, ಉಡುಮಲೈಪೇಟೆಯ ಕಡೆ ಹಿಪ್ಪುನೇರಳೆ ತೋಟ. ಪಲ್ಲಡಂ ಭಾಗದ ಕೋಳಿ ಫಾರಂಗಳಿಗೆ ಬೇಕಾದ ಮೆಕ್ಕೆಜೋಳ ಮನೆಗಳಲ್ಲಿ, ಗೋದಾಮುಗಳಲ್ಲಿ ಮೂಟೆ ಮೂಟೆಯಾಗಿ ಇರುತ್ತದೆ. ಇಂಥ ಮಿಶ್ರ ನೆಲದಲ್ಲಿ ಒಂದು ಬೆಳೆಗೆಂದು ಕಟ್ಟಿದ ಬಲೆಗೆ ಇನ್ನೊಂದು ಬೆಳೆಯ ಪತಂಗ ಬಂದು ಬೀಳುವುದು ಆಶ್ಚರ್ಯವಲ್ಲ.

ಬಲೆ ಕೆಲಸ ಮಾಡುವುದು ಹೇಗೆ?

ಹೆಣ್ಣು ಪತಂಗ ಕತ್ತಲಲ್ಲಿ ಒಂದು ವಾಸನೆಯನ್ನು ಗಾಳಿಗೆ ಬಿಡುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದಿಲ್ಲ. ಆದರೆ ಅದೇ ಜಾತಿಯ ಗಂಡು ಆ ಜಾಡು ಹಿಡಿದು ದೂರದಿಂದ ಹಾರಿಬರುತ್ತದೆ. ಇಂಥ ವಾಸನೆಯ ದ್ರವ್ಯವನ್ನು ಮೊಟ್ಟಮೊದಲು ಬೇರ್ಪಡಿಸಿ ತೋರಿಸಿದವರು ಜರ್ಮನಿಯ ವಿಜ್ಞಾನಿ ಅಡಾಲ್ಫ್ ಬುಟೆನಾಂಡ್ಟ್, 1959ರಲ್ಲಿ. ಅವರು ಇದಕ್ಕೆ ಬಳಸಿದ್ದು ನಮಗೆಲ್ಲ ಪರಿಚಿತವಾದ ರೇಷ್ಮೆ ಪತಂಗವನ್ನೇ. ಸುಮಾರು ಐದು ಲಕ್ಷ ಪತಂಗಗಳಿಂದ ಅವರಿಗೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ ದ್ರವ್ಯ. ಈಗ ಇಂಥ ದ್ರವ್ಯಗಳನ್ನು ಕಾರ್ಖಾನೆಯಲ್ಲಿ ತಯಾರಿಸಿ, ಸಣ್ಣ ರಬ್ಬರ್ ಬಿರಡೆಗೆ ಹೀರಿಸಿ, ಲ್ಯೂರ್ ಎಂಬ ಹೆಸರಿನಲ್ಲಿ ಮಾರುತ್ತಾರೆ.

ಇಲ್ಲಿ ಎರಡು ಸಂಗತಿ ನೆನಪಿರಲಿ. ಒಂದು, ಈ ಬಲೆಗೆ ಬರುವುದು ಗಂಡುಗಳು ಮಾತ್ರ. ಮೊಟ್ಟೆ ಇಡುವ ಹೆಣ್ಣು ಹೊಲದಲ್ಲೇ ಇರುತ್ತದೆ. ಎರಡು, ಬಲೆ ಇರುವುದು ಮುಖ್ಯವಾಗಿ ಎಚ್ಚರಿಕೆ ಕೊಡುವುದಕ್ಕೆ. ಅದು ಊರ ಕಾವಲುಗಾರನಿದ್ದಂತೆ. ಕಾವಲುಗಾರ ಕೂಗಿದಾಗ ಬಂದವನು ಕಳ್ಳನೋ ನೆಂಟನೋ ಎಂದು ದೀಪ ಹಿಡಿದು ನೋಡಬೇಕಾದವನು ಮನೆಯ ಯಜಮಾನ.

ಒಂದೇ ವಾಸನೆಗೆ ಇಬ್ಬರು ನೆಂಟರು

ಗುಲಾಬಿ ಕಾಯಿಕೊರಕದ ಲ್ಯೂರಿಗೆ ಗಾಸಿಪ್ಲೂರ್ ಎಂದು ಹೆಸರು. ಅದರಲ್ಲಿರುವ ದ್ರವ್ಯವನ್ನು ವಿಜ್ಞಾನಿಗಳು ಗುರುತಿಸಿದ್ದು 1973ರಲ್ಲಿ. ಅದು ಒಂದೇ ವಸ್ತುವಲ್ಲ. ಅಣ್ಣತಮ್ಮಂದಿರಂತೆ ಹೋಲುವ ಎರಡು ವಸ್ತುಗಳ ಸಮಪಾಲು ಮಿಶ್ರಣ. ಮರುವರ್ಷವೇ, ಅಂದರೆ 1974ರಲ್ಲಿ, ಇನ್ನೊಂದು ಸಂಗತಿ ತಿಳಿದುಬಂತು. ಆ ಎರಡರಲ್ಲಿ ಒಂದು ವಸ್ತುವೇ ಕಣಜದ ಕಾಳನ್ನು ತಿನ್ನುವ ಪತಂಗದ ಹೆಣ್ಣು ಬಿಡುವ ವಾಸನೆಯೂ ಹೌದು! ಆದ್ದರಿಂದ ಹತ್ತಿಗೆಂದು ಕಟ್ಟಿದ ಬಲೆಗೆ ಕಾಳಿನ ಪತಂಗದ ಗಂಡುಗಳೂ ಬಂದು ಬೀಳುತ್ತವೆ. ಇದು ಲ್ಯೂರ್ ಮಾಡಿದವರ ಮೋಸವಲ್ಲ. ಎರಡೂ ಒಂದೇ ಕುಟುಂಬದ ಪತಂಗಗಳು, ಅವುಗಳ ವಾಸನೆಯಲ್ಲೂ ನಂಟಿದೆ.

ಕಾಳಿನ ಪತಂಗವನ್ನು ಇಂಗ್ಲಿಷಿನವರು ಅಂಗುಮಾ ಪತಂಗ ಎನ್ನುತ್ತಾರೆ. ಅಂಗುಮಾ ಎಂಬುದು ಫ್ರಾನ್ಸಿನ ಒಂದು ಹಳೆಯ ಪ್ರಾಂತ್ಯ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ಗೋಧಿ ಕಣಜಗಳನ್ನು ಈ ಹುಳು ಹಾಳುಮಾಡಿದ್ದರಿಂದ ಆ ಹೆಸರು ಉಳಿಯಿತು. ತಮಿಳಿನಲ್ಲಿ ಅಂದುಪ್ಪೂಚ್ಚಿ ಎಂದರೆ ಎಲ್ಲರಿಗೂ ಗೊತ್ತು. ಭತ್ತ, ಜೋಳ, ಮೆಕ್ಕೆಜೋಳ ಇದರ ಆಹಾರ. ಮರಿಹುಳು ಒಂದು ಕಾಳಿನೊಳಗೆ ಹೊಕ್ಕು ಅಲ್ಲೇ ಬೆಳೆದು, ದುಂಡನೆಯ ತೂತು ಮಾಡಿ ಪತಂಗವಾಗಿ ಹೊರಬರುತ್ತದೆ. ಕಣಜದಲ್ಲಿ ಮಾತ್ರವಲ್ಲ, ಹೊಲದಲ್ಲಿ ಒಣಗುತ್ತ ನಿಂತ ತೆನೆಗೂ ಇದು ಮೊಟ್ಟೆ ಇಡುತ್ತದೆ. ಹತ್ತಿ ಗಿಡದ ತಂಟೆಗೆ ಮಾತ್ರ ಎಂದಿಗೂ ಹೋಗುವುದಿಲ್ಲ.

ಗುಲಾಬಿ ಕಾಯಿಕೊರಕವಾದರೋ ನಮ್ಮ ದೇಶದಲ್ಲೇ ಮೊದಲು ಗುರುತಿಸಲ್ಪಟ್ಟ ಕೀಟ. 1840ರ ದಶಕದಲ್ಲಿ ಗುಜರಾತಿನ ಭರೂಚ್ ಕಡೆಯ ಹತ್ತಿಯಲ್ಲಿ ಸಿಕ್ಕಿದ್ದನ್ನು ನೋಡಿ ಇದಕ್ಕೆ ಹೆಸರಿಟ್ಟರು. 2002ರಲ್ಲಿ ಬಿಟಿ ಹತ್ತಿ ಬಂದಾಗ ಇದರ ಕಾಟ ತೀರಿತು ಎಂದು ಅನೇಕರು ತಿಳಿದರು. ಆದರೆ ಮೊದಲ ಬಿಟಿಗೆ ಅದು ಬಗ್ಗದಿರುವುದು ಗುಜರಾತಿನಲ್ಲಿ 2009-10ರ ಹೊತ್ತಿಗೆ ಕಂಡುಬಂತು. 2014-15ರ ನಂತರ ಎರಡು ಜೀನಿನ ಬಿಟಿಯನ್ನೂ ಅದು ಜೀರ್ಣಿಸಿಕೊಂಡಿತು. ಆದ್ದರಿಂದಲೇ ಇಂದು ಮೋಹಕ ಬಲೆಗೆ ಮತ್ತೆ ಬೆಲೆ ಬಂದಿದೆ. ಬಲೆಯನ್ನು ಸರಿಯಾಗಿ ಓದುವ ಜವಾಬ್ದಾರಿಯೂ ಅಷ್ಟೇ ಹೆಚ್ಚಿದೆ.

ಗುರುತಿಸುವುದು ಹೇಗೆ?

ಇದಕ್ಕೆ ದೊಡ್ಡ ವಿದ್ಯೆ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ, ಒಂದು ಬಿಳಿಯ ಕಾಗದ, ಒಂದು ಸೂಜಿ ಇದ್ದರೆ ಸಾಕು. ಹಗಲಿನ ಬೆಳಕಿನಲ್ಲಿ, ಗಾಳಿಯಿಲ್ಲದ ಕಡೆ ಕುಳಿತು ನೋಡಿ.

ಗುಲಾಬಿ ಕಾಯಿಕೊರಕದ ಪತಂಗ ಬೂದು ಮಿಶ್ರಿತ ಕಂದು. ಮುಂದಿನ ರೆಕ್ಕೆಗಳ ಮೇಲೆ ಅಂಕುಡೊಂಕಾದ ಕಪ್ಪು ಮಚ್ಚೆಗಳೂ ಪಟ್ಟೆಗಳೂ ಇರುತ್ತವೆ. ಹೊಗೆ ಹಿಡಿದ ಗೋಡೆಯ ಬಣ್ಣ ಎನ್ನಬಹುದು. ರೆಕ್ಕೆ ಬಿಡಿಸಿದರೆ ತುದಿಯಿಂದ ತುದಿಗೆ 12ರಿಂದ 20 ಮಿಲಿಮೀಟರ್. ಹಿಂದಿನ ರೆಕ್ಕೆ ಬೆಳ್ಳಿಯ ಬೂದು, ಸ್ವಲ್ಪ ಅಗಲ.

ಕಾಳಿನ ಪತಂಗ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು, 10ರಿಂದ 16 ಮಿಲಿಮೀಟರ್. ಬಣ್ಣ ಒಣ ಹುಲ್ಲಿನ ಹಳದಿ, ರೇಷ್ಮೆಯಂಥ ಹೊಳಪು. ಮುಂದಿನ ರೆಕ್ಕೆಯಲ್ಲಿ ಮಚ್ಚೆ ಇಲ್ಲ, ಇದ್ದರೂ ಒಂದೆರಡು ಸಣ್ಣ ಚುಕ್ಕೆ. ಮುಖ್ಯ ಗುರುತು ಹಿಂದಿನ ರೆಕ್ಕೆಯಲ್ಲಿದೆ. ಅದು ಕಿರಿದಾಗಿದ್ದು, ತುದಿ ಥಟ್ಟನೆ ಸಪೂರವಾಗಿ, ಬೆರಳು ಚಾಚಿ ತೋರಿಸಿದಂತೆ ಚೂಪಾಗಿರುತ್ತದೆ. ಅಂಚಿನ ಕೂದಲು ರೆಕ್ಕೆಯ ಅಗಲಕ್ಕಿಂತ ಉದ್ದ. ಗುಲಾಬಿ ಕಾಯಿಕೊರಕದಲ್ಲಿ ಆ ಚಾಚಿದ ಬೆರಳು ಇಷ್ಟು ಎದ್ದು ಕಾಣುವುದಿಲ್ಲ.

ಬಣ್ಣವನ್ನೊಂದೇ ನಂಬಬೇಡಿ. ಪತಂಗದ ಬಣ್ಣವೆಂದರೆ ಅದರ ಮೈಮೇಲಿನ ಹುಡಿ. ಚೀಲದಲ್ಲಿ ರಾತ್ರಿಯಿಡೀ ಒದ್ದಾಡಿದ ಗುಲಾಬಿ ಕಾಯಿಕೊರಕ ಹುಡಿ ಉದುರಿ ಮಸುಕಾಗಿ, ಕಾಳಿನ ಪತಂಗದಂತೆ ಕಾಣಬಹುದು. ಅದಕ್ಕೇ ಸೂಜಿಯಿಂದ ಹಿಂದಿನ ರೆಕ್ಕೆಯನ್ನು ಬಿಡಿಸಿ ನೋಡಬೇಕೆಂದು ಹೇಳುವುದು. ಅಂಟುಬಲೆಯಲ್ಲಿ ಸಿಕ್ಕಿದ್ದು ಗುರುತಿಗೆ ಬಾರದಷ್ಟು ಹಾಳಾಗುತ್ತದೆ. ಚೀಲದ ಬಲೆಯೇ ಇದಕ್ಕೆ ಅನುಕೂಲ.

ಇದಕ್ಕಿಂತ ದೊಡ್ಡ ಸಾಕ್ಷಿ ಗಿಡದಲ್ಲೇ ಇದೆ. ಹತ್ತಿ ಹೂವಿನ ದಳಗಳು ಅರಳದೆ ಗುಲಾಬಿ ಮೊಗ್ಗಿನಂತೆ ಸುತ್ತಿಕೊಂಡಿದ್ದರೆ ಒಳಗೆ ಹುಳು ಇದೆ ಎಂದರ್ಥ. ಹೊಲದ ಅಲ್ಲಲ್ಲಿಂದ ಇಪ್ಪತ್ತು ಹಸಿರು ಕಾಯಿ ಕಿತ್ತು ಒಡೆದು ನೋಡಿ. ಎರಡು ಕಾಯಿಯಲ್ಲಿ ಜೀವಂತ ಹುಳು ಇದ್ದರೆ ಶೇಕಡ 10ರ ಮಿತಿ ಮುಟ್ಟಿತು. ಬಲೆಯ ಲೆಕ್ಕಕ್ಕೆ ತಜ್ಞರು ಹೇಳುವ ಮಿತಿ, ಸತತ ಮೂರು ರಾತ್ರಿ ಬಲೆಯೊಂದಕ್ಕೆ ಎಂಟು ಪತಂಗ.

ಈಗ ಒಂದು ಲೆಕ್ಕ ಮಾಡೋಣ. ನಿಮ್ಮ ಬಲೆಯಲ್ಲಿ ರಾತ್ರಿಗೆ ಒಂಬತ್ತು ಪತಂಗ ಸಿಕ್ಕಿತು ಎಂದಿಟ್ಟುಕೊಳ್ಳಿ. ಮಿತಿ ದಾಟಿತು, ಮದ್ದು ಹೊಡೆಯಲೇಬೇಕು ಎನಿಸುತ್ತದೆ. ಕಾಗದದ ಮೇಲೆ ಬೇರ್ಪಡಿಸಿ ನೋಡಿದಾಗ ಆರು ಕಾಳಿನ ಪತಂಗ, ಮೂರೇ ಗುಲಾಬಿ ಕಾಯಿಕೊರಕ. ಆಗ ನಿಮ್ಮ ಹೊಲ ಮಿತಿಯ ಅರ್ಧವನ್ನೂ ಮುಟ್ಟಿಲ್ಲ. ಹತ್ತು ನಿಮಿಷದ ಕೆಲಸ ಒಂದು ಸಿಂಪರಣೆಯ ಖರ್ಚನ್ನು ಉಳಿಸಿತು.

ಟೊಮೆಟೊ ತೋಟದಲ್ಲೂ ಇದೇ ಕಥೆ

ಕಿಣತ್ತುಕಡವು, ಉಡುಮಲೈಪೇಟೆ ಕಡೆಯ ಟೊಮೆಟೊ ಬೆಳೆಗಾರರಿಗೆ ಬೇರೊಂದು ಸಣ್ಣ ಪತಂಗದ ಪರಿಚಯವಾಗಿದೆ. ದಕ್ಷಿಣ ಅಮೆರಿಕದ ಟೂಟಾ ಎಂಬ ಎಲೆಸುರಂಗದ ಹುಳು 2006ರಲ್ಲಿ ಸ್ಪೇನ್ ದೇಶಕ್ಕೆ ಬಂತು. 2014ರಲ್ಲಿ ಮಹಾರಾಷ್ಟ್ರದ ಪುಣೆಯಲ್ಲಿ ಕಾಣಿಸಿತು. ಮರುವರ್ಷದ ಹೊತ್ತಿಗೆ ಕರ್ನಾಟಕ, ತಮಿಳುನಾಡುಗಳಲ್ಲೂ ಹರಡಿತ್ತು. ಇದರ ಹತ್ತಿರದ ಸಂಬಂಧಿಯೇ ಆಲೂಗಡ್ಡೆ ಪತಂಗ. ಎರಡೂ ಎಷ್ಟು ಹತ್ತಿರವೆಂದರೆ 2021ರಲ್ಲಿ ವಿಜ್ಞಾನಿಗಳು ಎರಡಕ್ಕೂ ಒಂದೇ ಕುಲದ ಹೆಸರು ಕೊಟ್ಟರು. ಟೂಟಾ ರೆಕ್ಕೆ ಬಿಡಿಸಿದರೆ ಸುಮಾರು 10 ಮಿಲಿಮೀಟರ್, ಬೂದು ಮೈ, ಕಪ್ಪು ಚುಕ್ಕೆ, ಮೀಸೆಯಲ್ಲಿ ಕಪ್ಪು ಬಿಳುಪಿನ ಉಂಗುರಗಳು. ಆಲೂಗಡ್ಡೆ ಪತಂಗ ಸ್ವಲ್ಪ ದೊಡ್ಡದು. ಇವೆರಡನ್ನು ಖಚಿತವಾಗಿ ಬೇರ್ಪಡಿಸಬೇಕಾದರೆ ತಜ್ಞರು ಸೂಕ್ಷ್ಮದರ್ಶಕದ ಕೆಳಗೆ ಜನನಾಂಗವನ್ನು ಪರೀಕ್ಷಿಸಬೇಕಾಗುತ್ತದೆ. ಅದು ನಮ್ಮ ಕೆಲಸವಲ್ಲ.

ಆದರೆ ಎಲೆ ನೋಡುವುದು ನಮ್ಮ ಕೆಲಸ. ಎಲೆಯ ಮೇಲೆ ಹಾವು ಹರಿದಂತೆ ಸಪೂರ ಬಿಳಿ ಗೆರೆ ಇದ್ದರೆ ಅದು ಎಲೆಸುರಂಗದ ನೊಣ, ಪತಂಗವೇ ಅಲ್ಲ. ಸುಟ್ಟ ಕಲೆಯಂತೆ ಅಗಲವಾದ ತೇಪೆ ಇದ್ದು, ಬೆಳಕಿಗೆ ಹಿಡಿದಾಗ ಒಳಗೆ ಹುಳು ಕಂಡರೆ, ಕಾಯಿಯ ತೊಟ್ಟಿನ ಬಳಿ ಗುಂಡುಸೂಜಿ ಚುಚ್ಚಿದಂಥ ತೂತುಗಳಿದ್ದರೆ ಅದು ಟೂಟಾ. ನೊಣಕ್ಕೆ ಹೊಡೆಯುವ ಮದ್ದು ಬೇರೆ, ಪತಂಗಕ್ಕೆ ಹೊಡೆಯುವ ಮದ್ದು ಬೇರೆ. ಗುರುತು ತಪ್ಪಿದರೆ ದುಡ್ಡೂ ಹೋಯಿತು, ಬೆಳೆಯೂ ಹೋಯಿತು.

ಅನುಮಾನವಿದ್ದರೆ ಹೊಡೆದುಬಿಡುವುದೇ ಕ್ಷೇಮವೇ?

"ಇಷ್ಟೆಲ್ಲ ನೋಡುತ್ತ ಕುಳಿತರೆ ಕಾಯಿ ಉಳಿಯುತ್ತದೆಯೇ? ಒಂದು ಸುತ್ತು ಹೊಡೆದುಬಿಟ್ಟರೆ ನೆಮ್ಮದಿ" ಎನ್ನುವವರಿದ್ದಾರೆ. ಸಾಲ ಮಾಡಿ ಬೀಜ, ಗೊಬ್ಬರ ತಂದವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೂ ಈ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದಾಗಿ, ಗುಲಾಬಿ ಕಾಯಿಕೊರಕದ ಮರಿ ಮೊಟ್ಟೆಯೊಡೆದ ಸ್ವಲ್ಪ ಹೊತ್ತಿನಲ್ಲೇ ಕಾಯಿಯ ಒಳಗೆ ಸೇರುತ್ತದೆ. ಆಮೇಲೆ ಮೇಲಿನಿಂದ ಹೊಡೆದ ಮದ್ದು ಅದಕ್ಕೆ ತಾಗುವುದಿಲ್ಲ. ಇಲ್ಲದ ಹುಳುವಿಗೆ ಇಂದು ಹೊಡೆದು, ನಿಜವಾದ ಹುಳು ಬಂದಾಗ ಕೈಯಲ್ಲಿ ಕಾಸಿಲ್ಲದೆ ಕೂರುವುದು ಜಾಣತನವಲ್ಲ. ಎರಡನೆಯದಾಗಿ, ಅನಗತ್ಯ ಮದ್ದು ಮಿತ್ರಕೀಟಗಳನ್ನು ಕೊಂದು ಬೇರೆ ಕೀಟಕ್ಕೆ ಬಾಗಿಲು ತೆರೆಯುತ್ತದೆ. 1980ರ ದಶಕದ ನಡುವಿನಲ್ಲಿ ಆಂಧ್ರಪ್ರದೇಶದ ಹತ್ತಿಯಲ್ಲಿ ಬಿಳಿನೊಣ ಉಕ್ಕಿ ಬಂದದ್ದಕ್ಕೆ ಲೆಕ್ಕವಿಲ್ಲದ ಸಿಂಪರಣೆಯೂ ಒಂದು ಕಾರಣವಾಗಿತ್ತು. ಮೂರನೆಯದಾಗಿ, ನಮ್ಮ ಹೊಲದ ಮದ್ದು ಗಾಳಿಯಲ್ಲಿ ತೇಲಿ ನೆರೆಯವರ ಹಿಪ್ಪುನೇರಳೆಗೆ ಬಿದ್ದರೆ, ಆ ಸೊಪ್ಪು ತಿಂದ ರೇಷ್ಮೆಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಬದುವಿನ ಆಚೆಯ ಮನೆಯ ಅನ್ನವನ್ನು ನಾವು ಕಿತ್ತುಕೊಂಡಂತಾಯಿತು.

ಎಲ್ಲಕ್ಕಿಂತ ಮುಖ್ಯ ಮನುಷ್ಯನ ಜೀವ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯಲ್ಲಿ ಹತ್ತಿಗೆ ಮದ್ದು ಹೊಡೆಯುತ್ತಿದ್ದ ಇಪ್ಪತ್ತರಷ್ಟು ರೈತರು, ಕೂಲಿಕಾರರು ವಿಷವೇರಿ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಪಂಪು ಹೊರುವವನು ಎಷ್ಟೋ ಸಲ ಹೊಲದ ಯಜಮಾನನಲ್ಲ, ದಿನಗೂಲಿಯವನು. ಬಲೆಯ ಲೆಕ್ಕ ತಪ್ಪಿದರೆ ಅದರ ಬೆಲೆಯನ್ನು ಅವನ ಮೈ ತೆರುತ್ತದೆ. ಬೇಡದ ಒಂದು ಸಿಂಪರಣೆಯನ್ನು ತಪ್ಪಿಸುವುದು ಅವನಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ. ಮದ್ದು ಹೊಡೆದವರಿಗೆ ವಿಪರೀತ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು, ಮಾಂಸಖಂಡ ಅದುರುವುದು ಕಂಡರೆ ತಡಮಾಡಬೇಡಿ. ಬಟ್ಟೆ ಬಿಚ್ಚಿಸಿ, ಸೋಪು ನೀರಿನಿಂದ ಮೈ ತೊಳೆದು, ಮದ್ದಿನ ಡಬ್ಬಿಯ ಚೀಟಿಯೊಂದಿಗೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಲವಂತವಾಗಿ ವಾಂತಿ ಮಾಡಿಸಬೇಡಿ.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. "ಬಿದ್ದದ್ದೆಲ್ಲ ಕಾಳಿನ ಪತಂಗ" ಎಂದು ನೋಡದೆಯೇ ನಿರ್ಲಕ್ಷಿಸಿದರೆ ಹತ್ತಿ ಕೈತಪ್ಪುತ್ತದೆ. ನಾನು ಹೇಳುತ್ತಿರುವುದು ಮದ್ದು ಹೊಡೆಯಲೇಬೇಡಿ ಎಂದಲ್ಲ, ನೋಡಿ ನಿರ್ಧರಿಸಿ ಎಂದು.

ತಪ್ಪಿ ಬಂದ ಪತಂಗವೂ ಸುದ್ದಿ ತರುತ್ತದೆ

ಹತ್ತಿ ಬಲೆಯಲ್ಲಿ ಕಾಳಿನ ಪತಂಗ ತುಂಬ ಸಿಕ್ಕರೆ ಅದನ್ನು ಸುಮ್ಮನೆ ಎಸೆಯಬೇಡಿ. ಹತ್ತಿರದ ಯಾವುದೋ ಕಣಜದಲ್ಲೋ ಒಣಗಿ ನಿಂತ ತೆನೆಯಲ್ಲೋ ಹುಳು ಎದ್ದಿದೆ ಎಂಬ ಸುದ್ದಿ ಅದು. ಮನೆಗೆ ಹೋಗಿ ಮೂಟೆ ಬಿಚ್ಚಿ ನೋಡಿ. ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ತೇವಾಂಶ ಶೇಕಡ 12ರ ಆಸುಪಾಸಿಗೆ ಇಳಿಸಿ, ಬಿಗಿ ಮುಚ್ಚಳದ ಡಬ್ಬಿ ಅಥವಾ ಕಣಜದಲ್ಲಿಡಿ. ಈ ಪತಂಗ ರಾಶಿಯ ಆಳಕ್ಕೆ ಇಳಿಯಲಾರದು, ಮೇಲ್ಪದರದಲ್ಲೇ ಅದರ ಹಾವಳಿ. ಹಳೆಯ ಗೋಣಿಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ, ಒಣಗಿಸಿ ಬಳಸಿ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕಾಳಿನ ಹುಳುವಿಗೆಂದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯೊಳಗೆ ಇಡಲೇಬೇಡಿ. ಗಾಳಿಯ ತೇವ ತಾಗಿದೊಡನೆ ಅದು ವಿಷಾನಿಲ ಬಿಡುತ್ತದೆ. ಅದಕ್ಕೆ ಪ್ರತ್ಯೌಷಧವಿಲ್ಲ. ಮಕ್ಕಳು ಮಲಗುವ ಕೋಣೆಯ ಪಕ್ಕದ ಮೂಟೆಗೆ ಅದನ್ನು ಹಾಕುವುದು ಮನೆಯ ಬಾಗಿಲಲ್ಲಿ ಮೃತ್ಯುವನ್ನು ಕೂರಿಸಿದಂತೆ. ಅದರ ಬಳಕೆ ತರಬೇತಿ ಪಡೆದ ತಜ್ಞರ ಮೇಲ್ವಿಚಾರಣೆಯಲ್ಲಿ ಮಾತ್ರ ಆಗಬೇಕೆಂದು ಸರ್ಕಾರದ ನಿಯಮವೇ ಇದೆ.

ಯಾರು ಏನು ಮಾಡಬೇಕು?

ಲ್ಯೂರ್ ಮಾರುವ ಅಂಗಡಿಯವರು ಅದರ ಜೊತೆಗೆ ಪತಂಗದ ಚಿತ್ರವಿರುವ ಒಂದು ಚೀಟಿಯನ್ನೂ ಕೊಡಬೇಕು. ಗುರಿಯ ಪತಂಗದ ಪಕ್ಕದಲ್ಲೇ ಅದನ್ನು ಹೋಲುವ ಪತಂಗದ ಚಿತ್ರವೂ ಇರಬೇಕು. ಬಲೆಯನ್ನು ಸಹಾಯಧನದಲ್ಲಿ ಹಂಚುವ ಇಲಾಖೆಯವರು ಒಂದು ಭೂತಗನ್ನಡಿಯನ್ನೂ ಸೇರಿಸಿ ಕೊಟ್ಟರೆ ಆ ಸಣ್ಣ ಖರ್ಚು ಸಾರ್ಥಕವಾದೀತು. ಬಲೆ ಕೊಟ್ಟು ಗುರುತು ಹೇಳಿಕೊಡದಿರುವುದು, ಗಡಿಯಾರ ಕೊಟ್ಟು ಮುಳ್ಳು ಓದಲು ಕಲಿಸದಿದ್ದಂತೆ.

ನಾವು ಮಾಡಬೇಕಾದದ್ದೂ ಇದೆ. ಧರ್ಮಕೇಂದ್ರದ ನಾಲ್ಕೈದು ರೈತ ಕುಟುಂಬಗಳು ಸೇರಿ ಒಂದು ಭೂತಗನ್ನಡಿ ಕೊಳ್ಳಬಹುದು. ಒಂದು ಬಲೆಗೆ ಒಂದೇ ಬಗೆಯ ಲ್ಯೂರ್ ಹಾಕಿ. ಒಂದು ಲ್ಯೂರ್ ಮುಟ್ಟಿದ ಕೈಯಿಂದ ಇನ್ನೊಂದನ್ನು ಮುಟ್ಟಬೇಡಿ, ವಾಸನೆ ಬೆರೆತರೆ ಬಲೆಯ ಮಾತು ತೊದಲುತ್ತದೆ. ಲ್ಯೂರ್ ಕಟ್ಟಿದ ದಿನಾಂಕವನ್ನು ಬಲೆಯ ಮೇಲೆ ಬರೆದು, ಪೊಟ್ಟಣದಲ್ಲಿ ಹೇಳಿದ ಅವಧಿಗೆ ಬದಲಿಸಿ. ಹಳೆಯ ಲ್ಯೂರಿನ ಖಾಲಿ ಚೀಲ ಹುಳುವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಎಣಿಕೆಯನ್ನು ಒಂದು ಪುಸ್ತಕದಲ್ಲಿ ಎರಡು ಸಾಲಾಗಿ ಬರೆಯಿರಿ: ಗುಲಾಬಿ ಇಷ್ಟು, ಬೇರೆ ಇಷ್ಟು. ಶಾಲೆಗೆ ಹೋಗುವ ಮಕ್ಕಳ ಕಣ್ಣು ಚುರುಕು, ಈ ಕೆಲಸ ಅವರಿಗೆ ಆಟವಿದ್ದಂತೆ. ಆದರೆ ಮದ್ದು ಹೊಡೆದ ಹೊಲಕ್ಕೆ ಅವರನ್ನು ಕಳುಹಿಸಬೇಡಿ.

ಅನುಮಾನ ಉಳಿದರೆ ಐದಾರು ಪತಂಗಗಳನ್ನು ಬೆಂಕಿಪೆಟ್ಟಿಗೆಯಲ್ಲಿ ಮೆತ್ತನೆಯ ಹತ್ತಿಯ ಮೇಲಿಟ್ಟು, ದಿನಾಂಕ, ಊರು, ಬೆಳೆ, ಲ್ಯೂರಿನ ಹೆಸರನ್ನು ಪೆನ್ಸಿಲಿನಲ್ಲಿ ಬರೆದು, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯಕ್ಕೋ ಒಯ್ಯಿರಿ. ಆ ವಿಶ್ವವಿದ್ಯಾನಿಲಯದಲ್ಲಿ 2018ರಲ್ಲಿ ತೆರೆದ ಕೀಟ ಸಂಗ್ರಹಾಲಯವೂ ಇದೆ. ಪೇಟೆಗೆ ಹೋದಾಗ ಮಕ್ಕಳನ್ನು ಕರೆದೊಯ್ದು ತೋರಿಸಿ. ಫೋನಿನಲ್ಲಿ ಕೇಳಬೇಕಾದರೆ ರೈತರ ಉಚಿತ ಕರೆ ಕೇಂದ್ರದ ಸಂಖ್ಯೆ 1800-180-1551.

ಬಿತ್ತುವ ಮುನ್ನ ನೆಲವನ್ನೂ ಕೊಳ್ಳುವ ಮುನ್ನ ಎತ್ತಿನ ಹಲ್ಲನ್ನೂ ನೋಡುವವರು ನಾವು. ವಿಷ ಕಲಸುವ ಮುನ್ನ ಒಂದು ಪತಂಗದ ರೆಕ್ಕೆ ನೋಡುವುದು ಕಷ್ಟವೇನಲ್ಲ. ಈ ಹಂಗಾಮಿನಿಂದಲೇ ಆ ಅಭ್ಯಾಸ ನಮ್ಮ ಮನೆಗಳಲ್ಲಿ ಶುರುವಾಗಲಿ.